ಇಂಗಳೇಶ್ವರಕ್ಕೆ ಮುಡಿ ಕೊಡಲು ಹೋದದ್ದು

ಇಂಡಿಯಿಂದ ನಸುಕಿನ ಬಸ್ಸು ಹಿಡಿದು ಸಿಂದಗಿಯಲ್ಲಿ ಇಳಿದಾಗ ತಂಗಿ ಮಹಾದೇವಿ ತನ್ನ ಐದು ವರ್ಷದ ಮಗಳು ಗೌರಿಯೊಂದಿಗೆ ಕಾಯುತ್ತಿದ್ದಳು. ಗೌರಿಯ ತಲೆಯ ಬಲಗಡೆ ಅಂಗೈಯಷ್ಟು ಜಾಗ ಬೋಳಾಗಿತ್ತು. ಕೂದಲಿಗೆ ಹುಳ ಬಿದ್ದಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಉಳ್ಳಾಗಡ್ಡಿ ರಸ ತಿಕ್ಕಿದ್ದಾಯಿತು, ಬಾಚಣಿಕೆ, ಹಾಸಿಗೆ ಬೇರೆ ಮಾಡಿದ್ದಾಯಿತು. ಇನ್ನು ಇಂಗಳೇಶ್ವರದ ಮನೆದೇವರಿಗೆ ಮುಡಿ ಕೊಡುವುದೊಂದೇ ಬಾಕಿ. ಅದಕ್ಕೇ ಹೊರಟಿದ್ದೆವು.

ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಸೀಟಿಗೆ ಯುದ್ಧವೇ. ಬಾಗೇವಾಡಿ ಬಸ್ಸಿನ ಕಿಟಕಿಯಿಂದ ಚೀಲ ಒಗೆದು ಜಾಗ ಹಿಡಿದೆ. ಗೌರಿಯನ್ನು ಪಕ್ಕಕ್ಕೆ ಎಳೆದುಕೊಂಡೆ.

“ಅಕ್ಕಾ, ಹತ್ರ ಕೂಡ್ಸಬ್ಯಾಡ. ಹುಳಾ ನಿನಗೂ ಹತ್ತತಾವ,” ಎಂದಳು ಮಹಾದೇವಿ.

“ನನ್ನ ತಲ್ಯಾಗ ತಿನ್ನಾಕ ಏನ್ ಉಳದೈತಿ? ಬರ್ಲಿ ಬಿಡು.”

ದೇವರ ಹಿಪ್ಪರಗಿಯಲ್ಲಿ ಶೇಂಗಾ ಕೊಂಡೆ. ಸುಲಿಯುವಷ್ಟು ಹೊತ್ತು ಗೌರಿ ಸುಮ್ಮನಿದ್ದಳು. ತನ್ನ ಪಾಲಿನ ಶೇಂಗಾ ಮುಗಿದು, ಬಿಸಿಲೇರಿ, ತೊಗರಿ ಹೊಲಗಳನ್ನು ನೋಡುತ್ತ ತೂಕಡಿಸತೊಡಗಿದಾಗ ಅವಳ ಬಲಗೈ ಮೆಲ್ಲಗೆ ಮೇಲೇರಿತು. ಒಂದು ಕೂದಲನ್ನು ಬೆರಳಿಗೆ ಸುತ್ತಿ ಕಿತ್ತಳು, ತುಟಿಗೆ ಸವರಿ ಬಿಟ್ಟಳು. ಮತ್ತೆ ಇನ್ನೊಂದು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನನ್ನ ಪಾಲಿನ ಶೇಂಗಾ ಕೊಟ್ಟೆ, ಕೈ ಕೆಳಗಿಳಿಯಿತು.

ಬಸವನ ಬಾಗೇವಾಡಿಯಲ್ಲಿ ಇಳಿದವಳೇ, ಕಂಡದ್ದನ್ನು ತಂಗಿಗೆ ಹೇಳಿ, “ಮೊದಲ ಡಾಕ್ಟರ್, ಆಮ್ಯಾಲ ದೇವ್ರು,” ಎಂದೆ. ಇಂಗಳೇಶ್ವರದಲ್ಲಿ ಕ್ಷೌರದವನು ಕಾಯುತ್ತಿದ್ದಾನೆಂದು ಮಹಾದೇವಿ ಮುಖ ಗಂಟಿಕ್ಕಿದಳು. ನಾನು ಬಿಡಲಿಲ್ಲ.

ಮಕ್ಕಳ ಡಾಕ್ಟರಮ್ಮ ಬೋಳು ಜಾಗದಲ್ಲಿದ್ದ ಉದ್ದ-ಗಿಡ್ಡ ಕೂದಲುಗಳನ್ನು ಸಾವಕಾಶ ನೋಡಿದರು. “ಇದು ಹುಳಾ ಅಲ್ರಿ. ಕೂಸು ತಾನ ಕಿತ್ಕೊಳ್ಳಾಕತ್ತೈತಿ. ಬೇಕಂತ ಮಾಡೂದಲ್ಲ. ಕೂದಲಾ ನುಂಗ್ತೈತೇನು? ಕಣ್ಣು ಪಟಪಟ ಮಿಟಕಸೂದು, ಹೆಗಲು ಹಾರ್ಸೂದು ಏನರ ಐತೇನು?”

“ಇಲ್ರಿ,” ಎಂದಳು ಮಹಾದೇವಿ.

“ಬೈಬ್ಯಾಡ್ರಿ, ಕೈ ಕಟ್ಟಬ್ಯಾಡ್ರಿ. ಯಾವಾಗ ಕೈ ಮ್ಯಾಲ ಹೋಗ್ತೈತಿ ನೋಡ್ರಿ, ಆವಾಗ ಕೈಯಾಗ ಏನರ ಕೊಡ್ರಿ. ಮತ್ತ ತೋರ್ಸಾಕ ಕರ್ಕೊಂಡ ಬರ್ರಿ.”

ಮಹಾದೇವಿ ಸಣ್ಣ ದನಿಯಲ್ಲಿ ಹೇಳಿದಳು: “ಮೊದಲ ನನ್ನ ಜಡಿ ಹಿಡಕೊಂಡ ಮಲಗ್ತಿದ್ಲರಿ. ಹಾಸಿಗಿ ಬ್ಯಾರೆ ಮಾಡಿದ ಮ್ಯಾಲ ಇದು ಭಾಳ ಆತು.”

ಇಂಗಳೇಶ್ವರಕ್ಕೆ ಹೋದೆವು. ದೇವರಿಗೆ ಕಾಯಿ ಒಡೆಸಿ, ಕ್ಷೌರದವನಿಗೆ ಚಹಾ ಕುಡಿಸಿ ಕಳಿಸಿದೆವು.

ಮರಳುವ ಬಸ್ಸಿನಲ್ಲಿ ಗೌರಿಗೆ ಮತ್ತೆ ತೂಕಡಿಕೆ, ಕೈ ಮತ್ತೆ ಮೇಲೆ. ಮಹಾದೇವಿ ತನ್ನ ತೊಡೆ ತಟ್ಟಿ, “ಬಾ, ಮಲಗು,” ಎಂದಳು. ಹುಡುಗಿ ಕದಲಲಿಲ್ಲ.

“ಬ್ಯಾಡಬೇ ಅವ್ವಾ. ಹುಳಾ ನಿನಗ ಹತ್ತತಾವ.”

ಮಹಾದೇವಿ ಮಗಳನ್ನು ಬಾಚಿ ತೊಡೆಗೆಳೆದುಕೊಂಡು, ತನ್ನ ಜಡೆಯ ತುದಿಯನ್ನು ಆ ಪುಟ್ಟ ಮುಷ್ಟಿಯೊಳಗಿಟ್ಟಳು. ನಾನು ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡೆ.

ಸಿಂದಗಿಯಲ್ಲಿ ಇಂಡಿಯ ಬಸ್ಸು ಹತ್ತಿ ಹಿಂತಿರುಗಿ ನೋಡಿದೆ. ತಾಯಿಯ ಹೆಗಲ ಮೇಲೆ ಗೌರಿ ನಿದ್ದೆ ಹೋಗಿದ್ದಳು. ಜಡೆಯನ್ನು ಇನ್ನೂ ಬಿಟ್ಟಿರಲಿಲ್ಲ.