ಮಂಗಮ್ಮನ ಲೋಕ ಪಂಚಾಯಿತಿ

ಮೇಲೂರಿನ ಮಂಗಮ್ಮ ದೂರದೇಶಗಳ ಮಾತನ್ನು ಬೀಗರ ಮಾತಿನಂತೆ ತೂಗಿ ನೋಡುವವಳು. ಹತ್ತಾರು ವರ್ಷಗಳಿಂದ ನೆಲಕ್ಕಾಗಿ ಕಾದಾಡುತ್ತಿರುವ ಎರಡು ದೇಶಗಳ ನಡುವೆ, ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಮಗ ಕನಕರಾಜ್ ಕಾವಲಿಗೆ ನಿಂತ ಮೇಲೆ, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಲೇ ಅವಳು ರೇಡಿಯೊ ವಾರ್ತೆ ಕೇಳುತ್ತಾಳೆ. "ಮೊನ್ನೆ ಖಂಡಿಸ್ತೀವಿ ಅಂದೋರು ಇವತ್ತು ಬರೀ ಕಳವಳ ಅಂದ್ರು. ಒಂದು ಮೆಟ್ಟಿಲು ಇಳಿದ್ರು ಕಣೇ," ಎಂದು ಸೊಸೆಗೆ ಹೇಳುತ್ತಾಳೆ. ರಾಯಭಾರಿಯನ್ನು ವಾಪಸ್ ಕರೆಸಿಕೊಂಡ ದೇಶವನ್ನು "ಮುನಿಸ್ಕೊಂಡು ಊಟ ಬಿಟ್ಟು ಎದ್ದ ಅಳಿಯ" ಎಂದು ಗದರುತ್ತಾಳೆ. ಯಾರದು ಸರಿ ಎಂದು ಮಾತ್ರ ಒಮ್ಮೆಯೂ ಹೇಳಿದವಳಲ್ಲ. ಲೋಕವೆಲ್ಲ ಅತ್ತೆಯ ಮುಂದೆ ಪಂಚಾಯಿತಿಗೆ ಕೂತಂತೆ ಕಂಡು ಸೊಸೆ ಜ್ಯೋತಿಲಕ್ಷ್ಮಿಗೆ ಬೆರಗೋ ಬೆರಗು. ಇವತ್ತು ಆ ಎರಡು ದೇಶಗಳ ಮಾತುಕತೆ ಮುರಿದುಬಿತ್ತೆಂದು ವಾರ್ತೆ ಬಂತು. ಕನಕರಾಜನ ಫೋನೂ ಬರಲಿಲ್ಲ. ಸೊಸೆಗೆ ಅಳು ಒತ್ತರಿಸಿ ಬಂದಾಗ, ಬಿದಿರು ತಟ್ಟೆಯಲ್ಲಿ ಅಲುಗಾಡದೆ ತಲೆಯೆತ್ತಿ ಕೂತಿದ್ದ ಹುಳುಗಳನ್ನು ಮಂಗಮ್ಮ ತೋರಿಸಿದಳು. "ಸತ್ತಿಲ್ಲ ಕಣಮ್ಮ, ಜ್ವರಕ್ಕೆ ಕೂತಿವೆ. ಪೊರೆ ಕಳಚಿ ಎದ್ದೇಳ್ತವೆ. ಆ ಮಾತುಕತೇನೂ ಅಷ್ಟೇ." ಜ್ವರದಲ್ಲಿರುವ ಹುಳುಗಳಿಗೆ ಸೊಪ್ಪು ಹಾಕುವುದಿಲ್ಲ. ಬೆಳಗ್ಗೆ ಅತ್ತೆಗೆ ಬಡಿಸಿದ್ದ ಮುದ್ದೆಯೂ ಮುಟ್ಟದೆ ಹಾಗೇ ಇದ್ದದ್ದನ್ನು ಜ್ಯೋತಿಲಕ್ಷ್ಮಿ ಆಗ ನೋಡಿದಳು.