ಟಿ.ವಿ. ಹಿಂದಿನ ಪಾಯಿಂಟು

ನನ್ನ ಮನೆಗೆ ನಾನೇ ವಯರಿಂಗ್ ಮಾಡುವುದು ಎಂದು ತೀರ್ಮಾನವಾಗಿದ್ದು ಜಾಗ ಕೊಳ್ಳುವುದಕ್ಕೂ ಮೊದಲೇ. ಏಳನೇ ಕ್ಲಾಸು ಮುಗಿಸಿ ಸಾಗರದಲ್ಲಿ ಒಬ್ಬರ ಕೈಕೆಳಗೆ ಪೈಪು ಹೊರಲು ಸೇರಿದವನು ನಾನು. ಆಮೇಲೆ ಹೊಸನಗರಕ್ಕೆ ಬಂದು ಸ್ವಂತ ಕೆಲಸ ಹಿಡಿದೆ. ಎಷ್ಟು ಮನೆ ಮಾಡಿದೆ ಎಂದು ಬರೆದಿಟ್ಟಿಲ್ಲ. ಆದರೆ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕಾಣುವ ಮನೆಗಳಲ್ಲಿ ಮೇನ್ ಸ್ವಿಚ್ಚು ಯಾವ ಬಾಗಿಲ ಹಿಂದೆ ಇದೆ ಎಂದು ಕೂತಲ್ಲೇ ಹೇಳಬಲ್ಲೆ.

ಕಾಗದ ನೋಡಿ ಕೆಲಸ ಮಾಡಿ ಅಭ್ಯಾಸವಿರಲಿಲ್ಲ. ಗೋಡೆ ಎದ್ದ ಮೇಲೆ, ಗಾರೆಗೆ ಮೊದಲು, ಮನೆಯ ಯಜಮಾನರ ಜೊತೆ ಕೋಣೆ ಕೋಣೆ ಸುತ್ತುವುದು, ಅವರು ಕೈ ತೋರಿಸಿದಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಅಷ್ಟೇ. ಸ್ವಿಚ್ ಬೋರ್ಡಿನ ಎತ್ತರಕ್ಕೆ ಟೇಪು ಬೇಕಿರಲಿಲ್ಲ. ಗೋಡೆಗೆ ಒರಗಿ ನಿಂತರೆ ನನ್ನ ಭುಜ ಎಲ್ಲಿಗೆ ಬರುತ್ತದೋ ಅಲ್ಲಿಗೆ.

ತೀರ್ಥಹಳ್ಳಿಯ ಹತ್ತಿರ ಒಂದು ದೊಡ್ಡ ಮನೆಯ ಕೆಲಸ ಸಿಕ್ಕಿದಾಗ ಇದು ಬದಲಾಯಿತು. ಯಜಮಾನರು ಇಂಜಿನಿಯರರಿಂದ ನಕ್ಷೆ ಮಾಡಿಸಿದ್ದರು. 'ಗೋಡೆ ಮೇಲೆ ಒಂದು ವೈರೂ ಕಾಣ್ಬಾರ್ದು ನೋಡು, ಸಾಕೆಟ್ಟೂ ಕಾಣ್ಬಾರ್ದು' ಎಂದರು. ಮೊದಲ ದಿನ ಆ ನಕ್ಷೆ ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಯಾರಿಗೂ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಒಬ್ಬನೇ ಕೂತು ನೋಡಿದೆ. ಗುಂಡಗಿದ್ದು ಲೈಟು, ಅರ್ಧ ಗುಂಡಕ್ಕೆ ಕಾಲು ಬಂದಿದ್ದರೆ ಪ್ಲಗ್ಗು. ಎರಡನೇ ವಾರಕ್ಕೆ ಯಾರನ್ನೂ ಕೇಳದೆ ಓದುತ್ತಿದ್ದೆ. ಕೆಲಸ ಮುಗಿದಾಗ ಹಾಲಿನಲ್ಲಿ ಟಿ.ವಿ. ಮಾತ್ರ ಗೋಡೆಗೆ ಅಂಟಿಕೊಂಡಂತೆ ಇತ್ತು. ಅದರ ಪ್ಲಗ್ಗು ಅದರ ಹಿಂದೆಯೇ ಅಡಗಿತ್ತು. ಅದನ್ನು ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ.

ಹಾಗಾಗಿ ನನ್ನ ಮನೆಗೂ ನಕ್ಷೆ ಆಗಬೇಕು ಎನಿಸಿತು. ಹೊಸನಗರದ ಪುಸ್ತಕದಂಗಡಿಯಲ್ಲಿ ಗ್ರಾಫ್ ಹಾಳೆ, ಸ್ಕೇಲು ತಂದೆ. ನಾಲ್ಕು ಸಂಜೆ ಹಿಡಿಯಿತು. ಅಡುಗೆಮನೆಯ ಲೈಟನ್ನು ಕೋಣೆಯ ಮಧ್ಯಕ್ಕೆ ಹಾಕದೆ ಕಟ್ಟೆಯ ಮೇಲಕ್ಕೆ ತಂದೆ. ಮಧ್ಯದಲ್ಲಿದ್ದರೆ ಹೆಚ್ಚುವವರ ನೆರಳು ಅವರ ಕೈಮೇಲೆಯೇ ಬೀಳುತ್ತದೆ, ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಮಲಗುವ ಕೋಣೆಯ ಲೈಟಿಗೆ ಬಾಗಿಲ ಹತ್ತಿರ ಒಂದು, ಮಂಚದ ಹತ್ತಿರ ಒಂದು ಸ್ವಿಚ್ಚು. ಫ್ರಿಜ್ಜು, ಟಿ.ವಿ., ವಾಷಿಂಗ್ ಮಷಿನ್ನು, ನೀರಿನ ಫಿಲ್ಟರು, ನಾಲ್ಕರ ಪ್ಲಗ್ಗೂ ಹಿಂದೆ, ಕಾಣದಂತೆ. ಹಾಳೆ ಮುದುರಬಾರದೆಂದು ಲ್ಯಾಮಿನೇಷನ್ ಮಾಡಿಸಿದೆ. ಶಾಲೆ ಬಿಟ್ಟ ಮೇಲೆ ನಾನು ಕಾಗದದ ಮೇಲೆ ಪೂರ್ತಿ ಮಾಡಿದ ಮೊದಲ ಕೆಲಸ ಅದು. ಕಟ್ಟುತ್ತಿದ್ದ ಮನೆಯ ಹಾಲಿನಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ಬಂದವರೆಲ್ಲ ನೋಡಿದರು.

ಹೆಂಡತಿ ನೋಡಿದ್ದು ಗೋಡೆ ಕೊರೆದು ಪೈಪು, ಬಾಕ್ಸು ಎಲ್ಲ ಕೂರಿಸಿದ ಮೇಲೆ. ಅದಕ್ಕೂ ಮೊದಲು ನಾನು ಕರೆದಿರಲಿಲ್ಲ.

ಒಂದು ವಿಷಯ ಇಲ್ಲಿ ಹೇಳಬೇಕು. ನಮ್ಮ ಕಡೆ ದೂರದಲ್ಲಿ ಗುಡುಗಿದ ಶಬ್ದ ಕೇಳಿದರೆ ಮನೆಯಲ್ಲಿರುವವರು ಮೊದಲು ಮಾಡುವ ಕೆಲಸ ಎಲ್ಲ ಪ್ಲಗ್ಗಿನ ಪಿನ್ನು ಕಿತ್ತಿಡುವುದು. ಸಿಡಿಲು ಹತ್ತಿರ ಬರುವುದರೊಳಗೆ ಆಗಬೇಕು. ಬಾಡಿಗೆ ಮನೆಯಲ್ಲಿ ಆ ಕೆಲಸ ಯಾವಾಗಲೂ ಅವಳದೇ. ನಾನು ಆ ಹೊತ್ತಿನಲ್ಲಿ ಮನೆಯಲ್ಲಿ ಇರುವುದಿಲ್ಲ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಏಣಿಯ ಮೇಲಿದ್ದಾಗ ಹೊಸನಗರದ ದಿಕ್ಕಿನ ಆಕಾಶ ಕಪ್ಪಾದರೆ ಫೋನ್ ಮಾಡುತ್ತಿದ್ದೆ. 'ಪಿನ್ನು ತೆಗೆದ್ಯಾ?' 'ಆಗ್ಲೇ ತೆಗೆದಾಯ್ತು.' ಮೊಬೈಲು ಬಂದಾಗಿನಿಂದ ಹೀಗೆ ನಡೆದಿದೆ.

ಅವಳು ನಕ್ಷೆ ನೋಡಿದಳು, ಗೋಡೆ ನೋಡಿದಳು.

'ಲೈಟೆಲ್ಲ ಒಳ್ಳೇದಾಯ್ತು. ಫ್ರಿಜ್ಜಿಂದು ಎಲ್ಲಿ?'

'ಅದರ ಹಿಂದೇ ಬರುತ್ತೆ. ಕಾಣೋದೇ ಇಲ್ಲ.'

'ಟಿ.ವಿ.ದು?'

'ಅದೂ ಹಿಂದೆ.'

'ಎಲ್ಲ ಹಿಂದೆ ಹಿಂದೆ. ಗುಡುಗು ಬಂದ್ರೆ ನಾನು ಫ್ರಿಜ್ಜು ಹೊತ್ಕೊಂಡು ಪಿನ್ನು ತೆಗೀಬೇಕಾ?'

'ಹೊರಗೆ ಬೇರೆ ಸ್ವಿಚ್ಚು ಇಟ್ಟಿದೀನಲ್ಲ. ಅದು ಆರಿಸಿದ್ರೆ ಮುಗೀತು.'

'ಸ್ವಿಚ್ಚು ಆರಿಸಿದ್ರೆ ಸಾಲ್ದು ಅಂತ ಹೇಳಿದ್ದು ಯಾರು? ಆನಂದಪುರದ ಮನೇದು ನೀವೇ ಬಂದು ಹೇಳಿದ್ರಿ, ಸ್ವಿಚ್ಚು ಆರಿಸಿದ್ರೂ ಬೋರ್ಡು ಕರಿ ಆಗಿತ್ತು ಅಂತ.'

ಹೇಳಿದ್ದು ನಿಜ. ಸುಟ್ಟ ಆ ಬೋರ್ಡನ್ನು ಬಿಚ್ಚಿದವನು ನಾನೇ.

'ಈಗ ಸಿಡಿಲಿಗೆ ಅಂತ್ಲೇ ಒಂದು ಸಾಮಾನು ಬಂದಿದೆ ಮಾರಾಯ್ತಿ. ಮೇನಲ್ಲಿ ಹಾಕ್ತೀನಿ.'

'ಅದು ಹಾಕಿದ ಮೇಲೆ ನೀವು ಫೋನ್ ಮಾಡೋದು ಬಿಡ್ತೀರಾ?'

ಅವಳು ನೆಲದಲ್ಲಿ ಬಿದ್ದಿದ್ದ ಜಂಬಿಟ್ಟಿಗೆಯ ಚೂರು ಎತ್ತಿಕೊಂಡು, ಫ್ರಿಜ್ಜು ಬರುವ ಜಾಗದ ಪಕ್ಕದಲ್ಲಿ ನಿಂತು, ಕೈ ಚಾಚಿ ಗೋಡೆಯ ಮೇಲೆ ಕೆಂಪಗೆ ಒಂದು ಗುರುತು ಎಳೆದಳು. ಅದು ನನ್ನ ಭುಜಕ್ಕಿಂತ ಒಂದು ಗೇಣು ಕೆಳಗಿತ್ತು.

'ನಕ್ಷೆ ಆಗಿಹೋಗಿದೆ. ಪೈಪೂ ಕೂತಾಗಿದೆ' ಎಂದೆ.

'ಹೌದು. ಅದಕ್ಕೆ ಪ್ಲಾಸ್ಟಿಕ್ಕು ಬೇರೆ ಹಾಕಿಸ್ಬಿಟ್ಟಿದೀರಿ' ಎಂದು ಹೇಳಿ ಕೈ ಕೊಡವಿಕೊಂಡು ಹೋದಳು.

ಅಂದು ಶನಿವಾರ. ಸೋಮವಾರ ಗಾರೆಯವರು ಬರುವವರಿದ್ದರು. ಗಾರೆ ಬಿದ್ದ ಮೇಲೆ ಏನೂ ಮಾಡುವಂತಿಲ್ಲ. ಭಾನುವಾರ ಬೆಳಿಗ್ಗೆ ಉಳಿ, ಸುತ್ತಿಗೆ ತೆಗೆದುಕೊಂಡು ಒಬ್ಬನೇ ಹೋದೆ. ಮರಳು ನೋಡಲು ಬಂದ ಮೇಸ್ತ್ರಿ ಬಾಗಿಲಲ್ಲಿ ನಿಂತರು.

'ಎಂತ ಮಾರಾಯ್ರೆ, ಈ ನಕ್ಷೆ ಮಾಡಿದ್ದು ಯಾರು?'

'ನಾನೇ.'

'ಈಗ ಒಡೀತಿರೋದು?'

'ನಾನೇ.'

'ಹಂಗಾರೆ ನಮ್ದೇನೂ ತಕರಾರಿಲ್ಲ. ನಾಳೆ ಬೆಳಿಗ್ಗೆಯೊಳಗೆ ಗಲಾಟೆ ಮುಗಿಸಿ.'

ಸಂಜೆಯೊಳಗೆ ಫ್ರಿಜ್ಜಿನದು, ವಾಷಿಂಗ್ ಮಷಿನ್ನಿನದು, ಫಿಲ್ಟರಿನದು, ಮೂರನ್ನೂ ಕಿತ್ತು ಪಕ್ಕಕ್ಕೆ, ಅವಳ ಗುರುತಿನ ಎತ್ತರಕ್ಕೆ ತಂದೆ. ಟಿ.ವಿ.ಯದನ್ನು ಹಾಗೇ ಬಿಟ್ಟೆ. ಆ ಗೋಡೆ ಬಾಗಿಲಿಗೆ ಎದುರು. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದು. ನನಗೆ ಕೆಲಸ ಕೊಟ್ಟವರೆಲ್ಲ ಗೃಹಪ್ರವೇಶಕ್ಕೆ ಬರುವವರಿದ್ದರು. ಹಾಲಿನದೊಂದು ಇರಲಿ ಎಂದು ಅವಳಿಗೆ ಹೇಳಿದೆ. 'ನಿಮ್ಮನೆ, ನಿಮ್ಮಿಷ್ಟ' ಎಂದಳು.

ಗೃಹಪ್ರವೇಶಕ್ಕೆ ತೀರ್ಥಹಳ್ಳಿಯ ಯಜಮಾನರೂ ಅವರ ಹೆಂಡತಿಯೂ ಬಂದರು. ಯಜಮಾನರು ಟಿ.ವಿ. ಗೋಡೆಯ ಮುಂದೆ ನಿಂತು, 'ನಮ್ಮನೇದೇ ಇಲ್ಲಿ ತಂದು ಇಟ್ಟಿದೀಯಲ್ಲೋ' ಎಂದರು. ನನಗೆ ಬೇಕಾಗಿದ್ದೂ ಅದೇ ಮಾತು. ಅವರ ಹೆಂಡತಿ ಮಾತ್ರ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಪ್ಲಗ್ಗು ನೋಡಿ, 'ಇದು ಹೊರಗಿದ್ಯಲ್ಲ' ಎಂದರು. ಗುಡುಗಿದಾಗ ತೆಗೆಯಲಿಕ್ಕೆ ಎಂದು ನನ್ನ ಹೆಂಡತಿ ಹೇಳಿದಳು. 'ನಮ್ಮಲ್ಲಿ ನನ್ನನ್ನ ಯಾರು ಕೇಳಿದ್ರು' ಎಂದು ಹೇಳಿ ಅವರು ಊಟಕ್ಕೆ ಹೋದರು.

ಬೇಸಗೆಯ ಮೊದಲ ಗುಡುಗು ಬಂದಾಗ ನಾನು ಸಾಗರದಲ್ಲಿ ಒಂದು ಅಂಗಡಿಯ ಬೋರ್ಡು ಬದಲಿಸುತ್ತಿದ್ದೆ. ಫೋನ್ ಮಾಡಿದೆ.

'ಪಿನ್ನು ತೆಗೆದ್ಯಾ?'

'ಮೂರು ತೆಗೆದೆ. ಟಿ.ವಿ.ದು ತೆಗೀತಾ ಇದೀನಿ, ಇಡಿ' ಎಂದು ಅವಳೇ ಫೋನ್ ಇಟ್ಟಳು.

ಅದೊಂದು ಬಿಟ್ಟುಬಿಡು ಎಂದು ಹೇಳಲು ಮತ್ತೆ ಮಾಡಿದೆ. ಫೋನ್ ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿ, 'ಆಯ್ತು' ಎಂದಳು.

ಸಂಜೆ ಮನೆಗೆ ಬಂದಾಗ ಅವಳ ಬಲಗೈ ಮುಂಗೈಯ ಮೇಲೆ ಉದ್ದಕ್ಕೆ ಗೀರಿತ್ತು. ಅರಿಶಿನ ಹಚ್ಚಿದ್ದಳು. ಟಿ.ವಿ. ಹಿಡಿದ ಕಬ್ಬಿಣದ ಪಟ್ಟಿಗೂ ಗೋಡೆಗೂ ನಡುವೆ ಕೈ ಹಾಕಿ ಪಿನ್ನು ಕಿತ್ತಿದ್ದಾಳೆ. ಹಾಗೆ ಕಿತ್ತದ್ದನ್ನು ಮತ್ತೆ ಅಲ್ಲಿಗೆ ಸಿಗಿಸಿರಲಿಲ್ಲ. ಬಾಡಿಗೆ ಮನೆಯಿಂದ ತಂದಿದ್ದ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ, ಅದರ ವೈರನ್ನು ಕಿಟಕಿಯ ಪಕ್ಕದ ಬೋರ್ಡಿಗೆ ಎಳೆದಿದ್ದಳು. ಬೆಳ್ಳಗಿನ ಗೋಡೆಯ ಮೇಲೆ ಕರಿ ವೈರು ಜೋತಾಡುತ್ತಿತ್ತು. ಅದರ ಕೆಳಗೇ ಕೂತು ಕಾಫಿ ಕುಡಿದೆ.

ಆದರೆ ಜೋತಾಡುವ ವೈರು ನನಗೆ ನೋಡಲಾಗುವುದಿಲ್ಲ. ಮರುದಿನ ಕೆಲಸಕ್ಕೆ ಹೋಗುವ ಮೊದಲು ಎಕ್ಸ್‌ಟೆನ್ಶನ್ ತೆಗೆದು, ಟಿ.ವಿ.ಗೆ ಉದ್ದದ ಹೊಸ ವೈರು ಹಾಕಿದೆ. ದಾರಕ್ಕೆ ಬಣ್ಣ ಹಚ್ಚಿ ಗೋಡೆಯ ಮೇಲೆ ಗೆರೆ ಹೊಡೆದು, ಗೆರೆಯುದ್ದಕ್ಕೂ ಒಂದೊಂದು ಗೇಣಿಗೆ ಒಂದು ಕ್ಲಿಪ್ಪು ಬಡಿದೆ. ಬೋರ್ಡು ನನ್ನ ಭುಜದ ಎತ್ತರದಲ್ಲಿತ್ತು. ಅದರ ಕೆಳಗೆ, ಅವಳ ಕೈ ಬರುವಲ್ಲಿಗೆ, ಇನ್ನೊಂದು ಸಣ್ಣ ಪ್ಲಗ್ಗಿನ ಬಾಕ್ಸು ಗೋಡೆಯ ಮೇಲೇ ಕೂರಿಸಿದೆ. ಎಲ್ಲ ಕಾಣುತ್ತದೆ. ಎಲ್ಲೂ ಸೊಟ್ಟ ಇಲ್ಲ.

ಟಿ.ವಿ. ಹಿಂದಿನ ಪಾಯಿಂಟಿಗೆ ಈಗಲೂ ಕರೆಂಟು ಇದೆ. ಏನೂ ಸಿಗಿಸಿಲ್ಲ.