ಏಳನೇ ಹಾಸಿಗೆಯ ಪಾಠ
ತೈವಾನಿನ ತೈನಾನ್ ಊರಿನ ಡಯಾಲಿಸಿಸ್ ವಾರ್ಡಿನ ಹಿರಿಯ ನರ್ಸು ಶು-ಯಿನ್‌ಗೆ ನೀರು ಕುಡಿಯಲೂ ಪುರುಸೊತ್ತಿಲ್ಲ, ಆದರೂ ಆನ್‌ಲೈನ್ ತರಬೇತಿಯ ಒಂದು ಪಾಠವನ್ನೂ ಬಿಟ್ಟವಳಲ್ಲ. ಬಿಟ್ಟರೆ ಲೈಸೆನ್ಸಿಗೇ ಕುತ್ತು. ಓದಲು ಬಿಡುವು ಮಾತ್ರ ಯಾವ ಪುಣ್ಯಾತ್ಮನೂ ಕೊಡುವುದಿಲ್ಲ. ಹಾಗಾಗಿ ರೋಗಿಯ ತೋಳಿನಿಂದ ಸೂಜಿ ತೆಗೆದು, ರಕ್ತ ನಿಲ್ಲುವವರೆಗೆ ಬಲಗೈಯಲ್ಲಿ ಒತ್ತಿ ಹಿಡಿಯುವ ಹತ್ತು ನಿಮಿಷವೇ ಅವಳ ಕಾಲೇಜು. ಎಡಗೈಯ ಫೋನಿನಲ್ಲಿ ಪಾಠ ಓಡುತ್ತದೆ, ನಡುನಡುವೆ ಅದು "ಇದ್ದೀರಾ?" ಎಂದು ಕೇಳಿದಾಗ ಹೆಬ್ಬೆರಳಲ್ಲಿ "ಇದ್ದೇನೆ" ಒತ್ತುತ್ತಾಳೆ. ಕಿರಿಯ ನರ್ಸುಗಳು "ಅಕ್ಕಾ, ನಿಮ್ಗೆ ನಾಲ್ಕು ಕೈ ಇರ್ಬೇಕಿತ್ತು" ಅಂದರೆ, "ಇದ್ದಿದ್ರೆ ಇನ್ನೂ ನಾಲ್ಕು ಹಾಸಿಗೆ ಗಂಟು ಹಾಕ್ತಿದ್ರು, ಸುಮ್ನಿರೇ" ಎನ್ನುತ್ತಾಳೆ. ಒಂದು ಮಂಗಳವಾರ, ಹನ್ನೊಂದು ವರ್ಷದಿಂದ ಏಳನೇ ಹಾಸಿಗೆಗೆ ಬರುವ ಕಾಂಗ್ ಅಜ್ಜ ಮೆಲ್ಲಗೆ ಕೇಳಿದ: "ಸಾಕಾಗಿದೆ ಮಗಳೇ, ಇನ್ಮೇಲೆ ಬರೋದು ನಿಲ್ಲಿಸ್ಬಿಡ್ಲಾ?" "ಒಂದ್ನಿಮಿಷ ಅಜ್ಜಾ, ಪಾಠ ಮುಗೀತಾ ಬಂತು" ಅಂದಳು. ಡಯಾಲಿಸಿಸ್ ಸಾಕೆನ್ನುವ ರೋಗಿಯ ಮಾತನ್ನು ಪಕ್ಕದಲ್ಲಿ ಕೂತು ಕೇಳುವುದು ಹೇಗೆ ಎಂಬುದೇ ಆ ಪಾಠ. ಕೊನೆಯ ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ ನೂರು ಬಂತು. ಗುರುವಾರ ಅಜ್ಜ ಬರಲಿಲ್ಲ. ಮರುವಾರ ಸಾವಿನ ಸುದ್ದಿ ಬಂತು. ಏಳನೇ ಹಾಸಿಗೆಗೆ ಒಗೆದ ಹೊದಿಕೆ ಹಾಸುತ್ತಿದ್ದಾಗ, ದಿಂಬಿನ ಮೇಲೆ ಹೊಸ ಪಾಠ ಹಾಕಿಟ್ಟಿದ್ದ ಫೋನು "ಇದ್ದೀರಾ?" ಎಂದು ಕೇಳಿತು. ಹೆಬ್ಬೆರಳು ಅಭ್ಯಾಸಬಲದಿಂದ "ಇದ್ದೇನೆ" ಎಂದು ಒತ್ತಿಬಿಟ್ಟಿತು.